ಬಾರದ ಗಾಡಿಗೆ ಲೈನ್ ಕ್ಲಿಯರ್

ಬೇಲಿಯೇ ಎದ್ದು ಹೊಲ ಮೇಯಿತು ಎಂಬುದು ಗಾದೆ. ಈ ಊರಿನಲ್ಲಿ ಅದನ್ನು ಕೊಂಚ ತಿದ್ದಿ ಹೇಳಬೇಕು: ರೈಲೇ ನಿಂತು ಹುಲ್ಲು ಮೇಯಿತು. ನಂಬಿಕೆ ಬಾರದಿದ್ದರೆ ಪಾರ್ಕಿಗೆ ಹೋಗಿ ನೋಡಿ. ಗುಲಾಬಿ ಪಾತಿಗೂ ಮಕ್ಕಳ ಜಾರುಬಂಡೆಗೂ ನಡುವೆ ಒಂದು ಕರಿ ಇಂಜಿನ್ನು ಮೊಣಕಾಲುದ್ದ ಹುಲ್ಲಿನಲ್ಲಿ ಚಕ್ರ ಹೂತುಕೊಂಡು, ಗೊಂತಿಗೆ ಕಟ್ಟಿದ ಎಮ್ಮೆಯಂತೆ ನಿಂತಿದೆ. ಮುಂದೆ ಹೇಳುವುದೂ ಆ ಇಂಜಿನ್ನಿನಷ್ಟೇ ನಿಜವಾದ ಕತೆ. ಒಂದಕ್ಷರ ಸುಳ್ಳಾದರೆ ಹೇಳಿದವರು ಹಳಿಯ ಮೇಲೆ ತಲೆ ಇಡಲು ತಯಾರು. ಈ ಪಾರ್ಕಿನ ಹಳಿಯ ಮೇಲೆ ಮಾತ್ರ.

ಬಯಲು ರೈಲ್ವೆ ಮ್ಯೂಸಿಯಂ ಎಂದು ಗೇಟಿನ ಮೇಲೆ ಬೋರ್ಡಿದೆ. ಬಯಲು ಎನ್ನುವುದು ಪೂರ್ತಿ ನಿಜ, ಮ್ಯೂಸಿಯಂ ಎನ್ನುವುದು ಆಸೆ. ಇಂಜಿನ್ನಿನ ಚಿಮಣಿಯಲ್ಲಿ ಪಾರಿವಾಳಗಳ ಸಂಸಾರ. ಹಿಂದೆ ಮರದ ಬೆಂಚುಗಳ ಒಂದು ಬೋಗಿ. ಅದರಲ್ಲಿ ಕಾಲೇಜಿನ ಜೋಡಿಗಳು ಟಿಕೆಟ್ಟಿಲ್ಲದೆ ದೂರ ದೂರ ಪ್ರಯಾಣ ಮಾಡುತ್ತವೆ. ಆಚೆಗೊಂದು ಸಿಗ್ನಲ್ ಕಂಬ, ಪ್ರಶ್ನೆ ಕೇಳಲು ಕೈಯೆತ್ತಿ ಮಾಸ್ತರರು ನೋಡದೇ ಬಿಟ್ಟ ವಿದ್ಯಾರ್ಥಿಯಂತೆ. ಪಾರ್ಕಿನ ಈ ತುದಿಯಲ್ಲಿ, ಎಲ್ಲಿಂದಲೋ ಕಲ್ಲು ಕಲ್ಲು ಬಿಚ್ಚಿ ತಂದು ಮತ್ತೆ ಜೋಡಿಸಿದ ಪುಟ್ಟ ಸ್ಟೇಷನ್ನು. ಆ ತುದಿಯಲ್ಲಿ, ಬಿದಿರು ಮೆಳೆಯ ಹಿಂದೆ, ಬೀಗ ಹಾಕಿದ ಗಾರ್ಡಿನ ಡಬ್ಬಿ, ಎಂದರೆ ಗೂಡ್ಸ್ ಗಾಡಿಯ ಕೊನೆಯ ಬೋಗಿ. ಇವೆಲ್ಲದರ ಬೀಗದ ಗೊಂಚಲು ಯಾರ ಸೊಂಟದಲ್ಲಿದೆಯೋ ಅವರೇ ನಮ್ಮ ಸ್ಟೇಷನ್ ಮಾಸ್ಟರು. ನಿಜವಾದ ಸ್ಟೇಷನ್ನಿನಿಂದ ನಿವೃತ್ತರಾಗಿ, ಸುಳ್ಳು ಸ್ಟೇಷನ್ನಿಗೆ ವರ್ಗವಾದವರು.

ಬಂದವರಿಗೆಲ್ಲ ಮಾಸ್ಟರು ತೋರಿಸುತ್ತಿದ್ದ ಮುಖ್ಯ ವಸ್ತು ಇಂಜಿನ್ನಲ್ಲ, ತಮ್ಮ ಮೇಜಿನ ಪಕ್ಕದ ಕೆಂಪು ಕಬ್ಬಿಣದ ಪೆಟ್ಟಿಗೆ. ಅದರ ತಲೆಯ ಮೇಲೊಂದು ಹಿತ್ತಾಳೆ ಗಂಟೆ, ಎದೆಯ ಮೇಲೊಂದು ಮುಳ್ಳು, ಹೊಟ್ಟೆಯಲ್ಲಿ ಉಕ್ಕಿನ ಚೆಂಡುಗಳು.

"ನೋಡಿ, ಒಂದೇ ಹಳಿ, ಎರಡು ಸ್ಟೇಷನ್ನು" ಎಂದು ಶುರುಮಾಡುತ್ತಿದ್ದರು. "ಅಲ್ಲಿಂದೊಂದು ಗಾಡಿ, ಇಲ್ಲಿಂದೊಂದು ಗಾಡಿ ಒಟ್ಟಿಗೆ ಹೊರಟ್ರೆ ನಡುದಾರೀಲಿ ಬೀಗರ ಅಪ್ಪುಗೆ ಆಗುತ್ತೆ. ಅದಕ್ಕೇ ಎರಡೂ ಕಡೆ ಇಂಥದ್ದೊಂದು ಪೆಟ್ಟಿಗೆ. ಆ ಕಡೆಯವನು ಗಂಟೆ ಒತ್ತಿ 'ಬರಲಾ?' ಅಂತಾನೆ. ನಾನು ಗಂಟೆ ಒತ್ತಿ 'ಬಾ' ಅಂತೀನಿ, ಈ ಹಿಡಿ ತಿರುಗಿಸ್ತೀನಿ. ಆಗ ಅವನ ಪೆಟ್ಟಿಗೆ ಒಂದು ಚೆಂಡು ಉದುರಿಸುತ್ತೆ. ಆ ಚೆಂಡು ಕೈಗೆ ಬರದೆ ಡ್ರೈವರು ಗಾಡಿ ಬಿಡಲ್ಲ. ಹಿಂಗೆ 'ಬಾ' ಅನ್ನೋದಕ್ಕೆ ಲೈನ್ ಕ್ಲಿಯರ್ ಕೊಡೋದು ಅಂತಾರೆ. ಕೊಟ್ಟ ಮೇಲೆ ಗಾಡಿ ಬಂದು, ಅದೇ ಚೆಂಡು ನನ್ನ ಪೆಟ್ಟಿಗೆ ಬಾಯಿಗೆ ಬೀಳೋವರೆಗೂ ನಾನು ಈ ಕುರ್ಚಿ ಬಿಟ್ಟು ಏಳೋ ಹಂಗಿಲ್ಲ. ಅತ್ತೆ ಬರ್ತೀನಿ ಅಂತ ಫೋನ್ ಮಾಡಿದಾಗ 'ಬನ್ನಿ' ಅಂದು, ಸಿನಿಮಾಕ್ಕೆ ಹೋಗೋಕಾಗುತ್ತೇನ್ರೀ? ಹಂಗೇ ಇದು."

ಜನ ನಗುತ್ತಿದ್ದರು. ಯಾರಾದರೊಬ್ಬರು ಗುಂಡಿ ಒತ್ತಿ ನೋಡುತ್ತಿದ್ದರು. ಗಂಟೆ ಬಾರಿಸುತ್ತಿರಲಿಲ್ಲ. ಈ ಪೆಟ್ಟಿಗೆಯ ಜೋಡಿ ಗಾರ್ಡಿನ ಡಬ್ಬಿಯಲ್ಲಿತ್ತು. ನಡುವೆ ಹುಲ್ಲಿನಡಿ ತಂತಿ ಎಳೆದಿದ್ದರು, ಜನರಿಗೆ ಆಟ ತೋರಿಸಲೆಂದು. ಹೂವಿನ ಪಾತಿ ಅಗೆಯುವಾಗ ಮಾಲಿಯ ಗುದ್ದಲಿ ತಂತಿಯನ್ನು ಯಾವತ್ತೋ ಕತ್ತರಿಸಿ ಹಾಕಿತ್ತು. ಅಂದಿನಿಂದ ಎರಡು ಪೆಟ್ಟಿಗೆಗಳೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ ಪಾರ್ಕಿನ ಎರಡು ಮೂಲೆ ಹಿಡಿದಿದ್ದವು.

ಹೀಗಿರಲು ಒಂದು ಸಂಜೆ, ನೋಡಲು ಬಂದವರೆಲ್ಲ ಹೋದ ಮೇಲೆ, ಮಾಸ್ಟರು ಧೂಳು ಒರೆಸುವ ಬಟ್ಟೆ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ಪೆಟ್ಟಿಗೆ ಟಣ್ ಎಂದಿತು.

ಮಾಸ್ಟರ ಬಲಗೈ ಬಟ್ಟೆ ಬಿಸಾಕಿ ಗುಂಡಿ ಒತ್ತಿತು. ಕೈ ಎಂದೇ ಹೇಳಬೇಕು, ಏಕೆಂದರೆ ತಲೆಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಆ ಕಡೆಯಿಂದ ಮತ್ತೆ ಗಂಟೆ: ಟಣ್ ಟಣ್... ಸ್ವಲ್ಪ ಸುಮ್ಮನಿದ್ದು... ಟಣ್. ಬರಲಾ? ಕೈ ಗುಂಡಿ ಒತ್ತಿತು, ಹಿಡಿ ತಿರುಗಿಸಿತು. ಮುಳ್ಳು ಸರ್ರನೆ ವಾಲಿ 'ಗಾಡಿ ಬರುತ್ತಿದೆ' ಎಂಬಲ್ಲಿ ನಿಂತಿತು. ಕೈ ಕೆಲಸ ಮುಗಿಸಿ ಜೇಬಿಗೆ ಹೋಯಿತು. ಆಮೇಲೆ ತಲೆ ಎಚ್ಚರಗೊಂಡು ಕೇಳಿತು: ಅಯ್ಯೋ ಪುಣ್ಯಾತ್ಮ, ಯಾರಿಗೆ ಕೊಟ್ಟೆ ಲೈನ್ ಕ್ಲಿಯರು?

ಮಾಸ್ಟರು ಕುಳಿತುಬಿಟ್ಟರು. ಗಂಟೆ ಬಾರಿಸಿದ್ದೇ ಒಂದು ವಿಚಿತ್ರ. ಅದಕ್ಕಿಂತ ದೊಡ್ಡ ವಿಚಿತ್ರ ಅದನ್ನು ಬಾರಿಸಿದ ಕೈ. ತಂತಿಯ ಕೆಲಸದಲ್ಲಿ ಹಳಬರಿಗೆ ಗೊತ್ತು, ಒಬ್ಬೊಬ್ಬರು ಗಂಟೆ ಒತ್ತುವುದು ಒಂದೊಂದು ಥರ, ನಡಿಗೆಯ ಹಾಗೆ. ಕೊನೆಯ ಪೆಟ್ಟನ್ನು ಹೀಗೆ ತಡೆದು ಒತ್ತುತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ: ಪಕ್ಕದ ಸ್ಟೇಷನ್ನಿನ ಮಾಸ್ಟರು. ಫೋನಿನಲ್ಲೂ ಅವರು ಹಾಗೆಯೇ, ಮಾತೆಲ್ಲ ಮುಗಿಸಿ, ಇಟ್ಟುಬಿಡುತ್ತಾರೆ ಎನ್ನುವಷ್ಟರಲ್ಲಿ "ಆಮೇಲೆ..." ಎಂದು ಹೊಸದೊಂದು ತೆಗೆಯುತ್ತಿದ್ದರು. ಇಡೀ ಲೈನಿನಲ್ಲಿ ಅವರಿಗೆ 'ಆಮೇಲೆ ಮಾಸ್ಟರು' ಎಂದೇ ಹೆಸರು. ಇಬ್ಬರೂ ಮುಖ ನೋಡಿದ್ದು ಅಪರೂಪ, ಆದರೆ ಅರ್ಧ ಆಯಸ್ಸು ಹಗಲು ರಾತ್ರಿ ಒಬ್ಬರ ಕೈಗೆ ಇನ್ನೊಬ್ಬರು ಓಗೊಟ್ಟವರು.

ಈ ಆಮೇಲೆ ಮಾಸ್ಟರು ತೀರಿಕೊಂಡು ವರ್ಷವಾಗಿತ್ತು.

ಕತ್ತಲಾಗುವ ಹೊತ್ತಿಗೆ ಮಾಲಿ ಬಂದ. "ಸ್ವಾಮೀ, ಗೇಟು ಹಾಕ್ಬೇಕು. ಏಳಿ."

"ಸ್ವಲ್ಪ ಇರಪ್ಪಾ. ಗಾಡಿ ಬರ್ಬೇಕು."

ಮಾಲಿ ಕಿಟಕಿಯಿಂದ ಹೊರಗೆ ನೋಡಿದ. ಹಳಿಯ ಮೇಲೆ ಅವನೇ ಒಣಗಲು ಹಾಕಿದ್ದ ಪೈಪು ಇತ್ತು. "ಯಾವ ಗಾಡಿ?"

ಮಾಸ್ಟರಿಗೆ ತಾವು ಹೇಳಿದ್ದು ಆಗ ಕಿವಿಗೆ ಬಿತ್ತು. "ಏ, ಆಟೋ ಗಾಡಿ ಕಣೋ. ಮನೆಗೆ ಹೋಗೋಕೆ."

"ಮನೆ ಎದುರು ರಸ್ತೇಲೇ ಐತಲ್ಲ ಸ್ವಾಮಿ?"

ಅಷ್ಟರಲ್ಲಿ ಪೆಟ್ಟಿಗೆ ಮತ್ತೆ ಬಾರಿಸಿತು. ಗಾಡಿ ರದ್ದಾಯಿತು ಎಂಬ ಗಂಟೆ, ಅದೇ ಬಾಲದ ಪೆಟ್ಟಿನೊಂದಿಗೆ. ಮಾಸ್ಟರ ಕೈ ಹಿಡಿಯನ್ನು ಹಿಂದಕ್ಕೆ ತಿರುಗಿಸಿತು. ಮುಳ್ಳು ನೆಟ್ಟಗಾಯಿತು.

"ಕೇಳಿಸ್ತೇನೋ?" ಎಂದರು ಮಾಸ್ಟರು ಪಿಸುಮಾತಿನಲ್ಲಿ.

ಮಾಲಿ ಕಿವಿಯಿಂದ ಇಯರ್‌ಫೋನಿನ ಒಂದು ಬತ್ತಿ ಕಿತ್ತು, "ಏನಂದ್ರಿ?" ಎಂದ.

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದಾಗ ಆಕೆಗೇ ಏದುಸಿರು ಇತ್ತು. ಮಂಡಿನೋವಿಗೆ ಒಳ್ಳೆಯದೆಂದು ಈಚೆಗೆ ಸಂಜೆಯ ವಾಕಿಂಗ್ ಹಿಡಿದಿದ್ದಳು. ಆಕೆಗೆ ಇದ್ದ ಇನ್ನೊಂದು ಅಭ್ಯಾಸ ಮಾತ್ರ ಹುಟ್ಟಿನಿಂದ ಬಂದದ್ದು: ಒಮ್ಮೆ ಕೇಳಿದ ದನಿಯನ್ನು ಬಿಡುತ್ತಿರಲಿಲ್ಲ. ಎದುರುಮನೆ ವಕೀಲರ ಸೀನು, ಅವರ ಸೀನಿಗೆ ಅವರ ನಾಯಿ ಬೊಗಳುವುದು, ಅದಕ್ಕೆ ಅವರ ಹೆಂಡತಿ "ಇಬ್ಬರೂ ಸುಮ್ನಿರಿ" ಎನ್ನುವುದು, ಮೂರನ್ನೂ ಒಂದೇ ಉಸಿರಿನಲ್ಲಿ ಮಾಡಿ ತೋರಿಸುವವಳು. ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ಅಡುಗೆಮನೆಯಿಂದಲೇ ಗೂಡ್ಸ್ ಗಾಡಿಯ ಸಿಳ್ಳೆ ಹೊಡೆದು, ಹಳಿ ಬದಲಿಸುವ ಪಾಯಿಂಟ್ಸ್‌ಮನ್ನನ್ನು ಊಟದ ತಟ್ಟೆಯಿಂದ ಎಬ್ಬಿಸಿ ಓಡಿಸಿದ ಕೀರ್ತಿ ಆಕೆಯದು.

"ಏನ್ರೀ, ತಡ? ವಿಶೇಷ ಏನಾದ್ರೂ ಆಯ್ತಾ?"

"ಏನಿಲ್ಲ. ಧೂಳು ಜಾಸ್ತಿ ಇತ್ತು."

"ಧೂಳು ಬಿಟ್ಟು ಬೇರೆ ಏನೂ ಇಲ್ವಾ?"

"ಏನಿರುತ್ತೇ, ಅಲ್ಲಿ? ಸತ್ತ ರೈಲು."

ಅವಳು ಇನ್ನೂ ಏನೋ ಕೇಳುವವಳಂತೆ ನಿಂತಿದ್ದು, ಒಳಗೆ ಹೋದಳು. ಮಾಸ್ಟರು ತಟ್ಟೆಯ ಮುಂದೆ ಕುಳಿತರು. ಅವಳಿಗೆ ಹೇಳದೆ ಮುಚ್ಚಿಟ್ಟ ಸಂಗತಿ ಇದುವರೆಗೆ ಒಂದೂ ಇರಲಿಲ್ಲ. ಇದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ. ಅದಕ್ಕೆ ಕಾರಣ ಅವರ ಅಣ್ಣ.

ಅಣ್ಣ ಕೊನೆಗಾಲದಲ್ಲಿ ಬಚ್ಚಲಿನ ನಲ್ಲಿಯ ಜೊತೆ ಮಾತಾಡುತ್ತಿದ್ದರು. ನಲ್ಲಿ ತೊಟ್ಟಿಕ್ಕಿದರೆ "ಹೌದೌದು" ಎನ್ನುತ್ತಿದ್ದರು. ಮೊದಮೊದಲು ಮನೆಮಂದಿಗೆ ಅದು ತಮಾಷೆ. ಆಮೇಲೆ ಅವರ ಕೈಯಿಂದ ಬೀಗದ ಗೊಂಚಲು ಇಸಿದುಕೊಂಡರು. ಆಮೇಲೆ ಕ್ಷೌರದ ಬ್ಲೇಡು. ಕೊನೆಗೆ ಅವರೆದುರೇ ಅವರು ಇಲ್ಲವೇನೋ ಎಂಬಂತೆ "ಇವರಿಗೆ ಊಟ ಆಯ್ತಾ?" ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಅಣ್ಣನಿಗೆ ನಲ್ಲಿ, ತಮ್ಮನಿಗೆ ಗಂಟೆ. ವಂಶಪಾರಂಪರ್ಯವಾಗಿ ಮನೆ ಬರುತ್ತದೆ, ಮೂಗು ಬರುತ್ತದೆ, ಇದೂ ಬರುತ್ತದೇನೋ. ಮಾಸ್ಟರು ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಇದು ಹೋದರೆ ಉಳಿದದ್ದೆಲ್ಲ ಒಂದರ ಹಿಂದೊಂದು ಹೋಗುತ್ತದೆ.

ಮರುಸಂಜೆ ಗಂಟೆ ಬಾರಿಸಿತು. ಮಾಸ್ಟರು ಕೈಯನ್ನು ಕುರ್ಚಿಯ ಕೆಳಗೆ ಒತ್ತಿ ಹಿಡಿದುಕೊಂಡರು. ಆ ಕಡೆಯಿಂದ ಆಮೇಲೆ ಮಾಸ್ಟರು ಮತ್ತೊಮ್ಮೆ ಕರೆದರು, ಇನ್ನೊಮ್ಮೆ ಕರೆದರು. ಕರೆದ ಗಂಟೆಗೆ ಓಗೊಡದಿರುವುದು ಎಂಥ ಅಪರಾಧ ಎಂದು ಬದುಕಿಡೀ ಪಾಠ ಕಲಿತ ಕೈ ಅದು. ಎಷ್ಟು ಹೊತ್ತು ತಡೆದೀತು? ಕೊಟ್ಟಿತು ಲೈನ್ ಕ್ಲಿಯರು. ಕೊಟ್ಟ ಮೇಲೆ ಎದ್ದು ಹೋಗಿ ಆ ತುದಿಯ ಡಬ್ಬಿಯಲ್ಲಿ ಯಾರಿದ್ದಾರೆ ಎಂದು ನೋಡುವಂತಿಲ್ಲ. ಕುರ್ಚಿ ಬಿಡುವಂತಿಲ್ಲವಲ್ಲ! ಗಾಡಿ ಬರುವುದಿಲ್ಲ ಎಂದು ಗೊತ್ತು. ಬರುವುದಿಲ್ಲ ಎಂದು ಗೊತ್ತಿರುವುದು ಬೇರೆ, ಬಾ ಎಂದಿರುವುದು ಬೇರೆ. ರದ್ದಿನ ಗಂಟೆ ಬಂದ ಮೇಲೆ ಓಡಿ ನೋಡಿದರೆ ಡಬ್ಬಿಗೆ ಹೊರಗಿನಿಂದ ಬೀಗ, ಬೀಗದ ಮೇಲೆ ಗುಬ್ಬಿ.

ಅದರ ಮರುದಿನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು ಕೈ. ಲೈನ್ ಕ್ಲಿಯರ್ ಕೊಟ್ಟದ್ದಾಯಿತು, ಬರುವ ಗಾಡಿಯನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿ ಕಾಯಿಸುವುದು ಮರ್ಯಾದೆಯೇ ಎಂದು, ಕಿಟಕಿಯ ಪಕ್ಕದ ಲಿವರ್ ಎಳೆದುಬಿಟ್ಟಿತು. ಹೊರಗೆ ಕಂಬದ ಕೈ ಕಟಾರ್ ಎಂದು ಇಳಿಯಿತು. ಹಳಿಯ ಮೇಲೆ ತೋಳು ಬೀಸುತ್ತ ನಡೆಯುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು ಅದನ್ನು ನೋಡಿ, ಹಿಂದೆ ತಿರುಗಿ ನೋಡಿ, ಹಳಿಯಿಂದ ಕೆಳಗಿಳಿದು ಹುಲ್ಲಿನ ಮೇಲೆ ನಿಂತರು. ಅವರನ್ನು ನೋಡಿ ಅವರ ಹಿಂದಿನವರೂ ಇಳಿದರು.

"ಏನು ಮಾಸ್ಟರೇ, ಎಕ್ಸ್‌ಪ್ರೆಸ್ಸೋ ಪ್ಯಾಸೆಂಜರೋ?" ಎಂದು ಮ್ಯಾನೇಜರು ಕಿಟಕಿಗೆ ಕೂಗಿದರು.

ಮಾಸ್ಟರಿಗೆ ನಗಲಾಗಲಿಲ್ಲ. ಅದೇ ಪ್ರಶ್ನೆಯನ್ನು ಅವರೂ ತಮ್ಮನ್ನು ಕೇಳಿಕೊಳ್ಳುತ್ತಿದ್ದರು. ತೀರಿಹೋದ ಮನುಷ್ಯ ಯಾವ ಸ್ಟೇಷನ್ನಿನಲ್ಲಿ ಡ್ಯೂಟಿ ಮೇಲಿದ್ದಾರೆ? ಅಲ್ಲಿಂದ ಬರುವ ಗಾಡಿಯಲ್ಲಿ ಯಾರಿದ್ದಾರೆ? ಖಾಲಿ ಗಾಡಿಯಾದರೆ, ಇಲ್ಲಿಂದ ಹತ್ತಿಸಿಕೊಂಡು ಹೋಗುವುದು ಯಾರನ್ನು?

ಇಷ್ಟಾದರೂ ಪೆಟ್ಟಿಗೆಯನ್ನು ಬಿಚ್ಚಿ ನೋಡಬಾರದೇ ಎಂದು ನೀವು ಕೇಳಬಹುದು. ಸ್ಟೇಷನ್ ಮಾಸ್ಟರು ಪೆಟ್ಟಿಗೆಯನ್ನು ಬಾರಿಸಬಹುದೇ ಹೊರತು ಬಿಚ್ಚುವಂತಿಲ್ಲ. ಬಿಚ್ಚುವವರೇ ಬೇರೆ, ಅದಕ್ಕೆ ಅರಗಿನ ಮುದ್ರೆಯೇ ಬೇರೆ. ಗಂಡನಾದವನು ಅಡುಗೆಮನೆಯ ಡಬ್ಬಗಳ ಮುಚ್ಚಳ ತೆಗೆಯದಿರುವ ಹಾಗೆ, ಮಾಸ್ಟರು ಅದರ ಬೆನ್ನಿನ ಕಡೆ ನೋಡಿದವರೇ ಅಲ್ಲ. ಅದಕ್ಕೆಂದೇ ಹೆಂಡತಿಯ ತಮ್ಮನಿಗೆ ಹೇಳಿ ಕಳಿಸಿದರು. ಭಾವಮೈದ ಎಲೆಕ್ಟ್ರಿಷಿಯನ್, ಪಾರ್ಕಿನ ದೀಪಗಳ ಉಸ್ತುವಾರಿ ಅವನದೇ.

"ಏನು ಭಾವ, ಪೆಟ್ಟಿಗೆ ಏನಾದ್ರೂ ಮಾತಾಡ್ತಾ?" ಎನ್ನುತ್ತಲೇ ಬಂದ.

"ಮಾತಾಡೋದು ಗೀತಾಡೋದು ಏನಿಲ್ಲ. ಸುಮ್ನೆ ನೋಡು, ಇದ್ರಲ್ಲಿ ಕರೆಂಟು ಗಿರೆಂಟು ಇದ್ಯಾ ಅಂತ."

ಭಾವಮೈದ ಪೆಟ್ಟಿಗೆಯ ಹಿಂದೆ ಕೂತು ಬಗ್ಗಿದ. ಬೆರಳಿನಿಂದ ತಟ್ಟಿದ. ಕಿವಿಯಿಟ್ಟು ಕೇಳಿದ. ಬಹಳ ಹೊತ್ತು ಮುಖ ಎತ್ತಲಿಲ್ಲ, ಭುಜ ಮಾತ್ರ ಒಂದೆರಡು ಸಲ ಕುಲುಕಿತು. ಧೂಳಿಗೆ ಕೆಮ್ಮು ಎಂದ. ಎದ್ದಾಗ ಮುಖ ಶವಯಾತ್ರೆಯದು.

"ಭಾವ, ಇದು ಪೂರ್ತಿ ಸತ್ತಿದೆ. ಹನಿ ಕರೆಂಟಿಲ್ಲ. ಇದು ಬಾರಿಸಿದ್ರೆ ನನ್ನ ಹೆಸರು ಬದಲಾಯಿಸಿ. ಯಾಕೆ, ಬಾರಿಸ್ತಾ?"

"ಛೇ ಛೇ. ಸತ್ತದ್ದು ಹೆಂಗೆ ಬಾರಿಸುತ್ತೆ?"

ಮಾಸ್ಟರು ಆ ಮಧ್ಯಾಹ್ನವೇ, ಯಾರಿಗೂ ಹೇಳದೆ, ಕಿವಿಯ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕಿವಿಗೆ ಯಂತ್ರ ಸಿಕ್ಕಿಸಿ ಸಣ್ಣ ದನಿ, ದೊಡ್ಡ ದನಿ ಎಲ್ಲ ಹಾಕಿ ನೋಡಿ, "ನಿಮ್ಮ ಕಿವಿ ನನ್ನದಕ್ಕಿಂತ ಚೆನ್ನಾಗಿದೆ, ಹೋಗಿ ಬನ್ನಿ" ಎಂದರು. ಇನ್ನೊಬ್ಬರಾದರೆ ಕುಣಿದಾಡಿಕೊಂಡು ಬರುತ್ತಿದ್ದರು. ಮಾಸ್ಟರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಪೆಟ್ಟಿಗೆ ಸತ್ತಿದೆ. ಕಿವಿ ಬದುಕಿದೆ. ಎರಡರ ನಡುವೆ ಉಳಿದದ್ದು ತಲೆ.

ಬೀಗದ ಗೊಂಚಲನ್ನು ಯಾರೋ ಬಂದು ಇಸಿದುಕೊಳ್ಳುವ ಮೊದಲು ತಾವೇ ಕೊಟ್ಟುಬಿಡುವುದು ಮರ್ಯಾದೆ ಎಂದು ತೀರ್ಮಾನಿಸಿದರು. ನಾಳೆ ಬೆಳಿಗ್ಗೆ ಪಾರ್ಕಿನ ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟು, ಮಂಡಿನೋವು ಎಂದು ಹೇಳಿ ಬಂದರಾಯಿತು. ಹೆಂಡತಿಯ ಮಂಡಿನೋವನ್ನು ಒಂದು ದಿನದ ಮಟ್ಟಿಗೆ ಸಾಲ ಪಡೆದರೆ ಅವಳೇನೂ ಅನ್ನುವುದಿಲ್ಲ.

ಆ ಕೊನೆಯ ಸಂಜೆ ಮಾಸ್ಟರು ಎಲ್ಲವನ್ನೂ ಇನ್ನೊಮ್ಮೆ ಒರೆಸಿದರು. ಹಸಿರು ಬಾವುಟ, ಕೆಂಪು ಬಾವುಟ, ಕೈದೀಪ, ಟಿಕೆಟ್ ಕಿಟಕಿಯ ಹಿತ್ತಾಳೆ ಚೌಕಟ್ಟು. ಗಂಟೆ ಬಾರಿಸಿತು: ಟಣ್ ಟಣ್... ಟಣ್. ಈ ಸಲ ಅವರು ಕೈಯೊಂದಿಗೆ ಜಗಳಕ್ಕೆ ಹೋಗಲಿಲ್ಲ. ಲೈನ್ ಕ್ಲಿಯರ್ ಕೊಟ್ಟು, ಲಿವರ್ ಎಳೆದು, ಟೋಪಿ ಹಾಕಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಬರುವುದಿದ್ದರೆ ಬರಲಿ.

ಸೂರ್ಯ ಬಿದಿರು ಮೆಳೆಯ ಹಿಂದೆ ಇಳಿಯತೊಡಗಿದ. ರದ್ದಿನ ಗಂಟೆ ದಿನವೂ ಬರುತ್ತಿದ್ದ ಹೊತ್ತು ಕಳೆಯಿತು. ಬರಲಿಲ್ಲ. ಮುಳ್ಳು 'ಗಾಡಿ ಬರುತ್ತಿದೆ' ಎಂದೇ ಹೇಳುತ್ತಿತ್ತು. ಎಂದಿಲ್ಲದ ಭಯ ಶುರುವಾಯಿತು. ರದ್ದಾಗುವ ಗಾಡಿಗೆ ಹೆದರುವುದಕ್ಕಿಂತ, ರದ್ದಾಗದ ಗಾಡಿಗೆ ಹೆದರುವುದು ಬೇರೆಯೇ.

ಹಠಾತ್ತನೆ ಗಂಟೆ ಹುಚ್ಚುಹುಚ್ಚಾಗಿ ಬಾರಿಸತೊಡಗಿತು. ಟಣ್ ಟಣ್ ಟಣ್ ಟಣ್ ಟಣ್ ಟಣ್! ತಡೆಯಿಲ್ಲ, ಬಾಲದ ಪೆಟ್ಟಿಲ್ಲ, ಆಮೇಲೆ ಮಾಸ್ಟರ ಕೈಯೇ ಅಲ್ಲ. ನಿಂತಿತು, ಮತ್ತೆ ಅದೇ. ಅದು ಅಪಾಯದ ಗಂಟೆ. ಹಳಿಯ ಮೇಲೆ ಏನೋ ಆಗಿದೆ, ಇದ್ದ ಕೆಲಸ ಬಿಟ್ಟು ಧಾವಿಸಿ ಎನ್ನುವ ಗಂಟೆ. ಇಡೀ ನೌಕರಿಯಲ್ಲಿ ಕೇಳಿದ್ದು ಬೆರಳೆಣಿಕೆಯಷ್ಟು ಸಲ. ಕುರ್ಚಿ ಬಿಟ್ಟು ಏಳಲು ಅಪ್ಪಣೆ ಸಿಗುವುದು ಈ ಗಂಟೆಗೆ ಮಾತ್ರ.

ಮಾಸ್ಟರು ಎದ್ದರು. ಎಳೆದಿದ್ದ ಲಿವರನ್ನು ಹಿಂದಕ್ಕೆ ತಳ್ಳಿದರು. ಸಿಗ್ನಲ್ಲಿನ ಕೈ ಮೇಲೆದ್ದಿತು. ಕೆಂಪು ಬಾವುಟ ಬಿಚ್ಚಿಕೊಂಡು ಹಳಿಗಿಳಿದು, ಇಂಜಿನ್ನಿನ ಮಗ್ಗುಲಿನಿಂದ, ಬೋಗಿಯ ಮಗ್ಗುಲಿನಿಂದ ದಾಪುಗಾಲು ಹಾಕಿದರು.

"ಪಕ್ಕಕ್ಕೆ! ಹಳಿ ಬಿಡಿ! ಹಳಿ ಬಿಡಿ!"

ಜೋಡಿಗಳು ಬೋಗಿಯಿಂದ ತಲೆ ಹಾಕಿದವು. ಬ್ಯಾಂಕ್ ಮ್ಯಾನೇಜರು ಈ ಸಲ ಕೇಳದೆಯೇ ಹಳಿಯಿಂದ ಹಾರಿ, "ನಾನು ಹೇಳ್ಲಿಲ್ವಾ, ಬರುತ್ತೆ ಅಂತ?" ಎಂದು ಪಕ್ಕದವರಿಗೆ ಹೇಳಿ, ಮಾಸ್ಟರ ಹಿಂದೆ ಬಿದ್ದರು. ಮಾಲಿ ಗುದ್ದಲಿ ಹಿಡಿದೇ ಓಡಿಬಂದ. ಏನಾಗಿದೆ ಎಂದು ಯಾರಿಗೂ ಗೊತ್ತಿಲ್ಲ, ಆದರೆ ಕೆಂಪು ಬಾವುಟದ ಹಿಂದೆ ಮೆರವಣಿಗೆ ಬೆಳೆಯುತ್ತ ಹೋಯಿತು. ಮಾಸ್ಟರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಮುಂದೆ ನಡೆಯುವುದು ಅವರೊಬ್ಬರೇ, ಅಷ್ಟೇ ವ್ಯತ್ಯಾಸ.

ಹಳಿ ಬಿದಿರು ಮೆಳೆಯ ಹಿಂದೆ, ಗಾರ್ಡಿನ ಡಬ್ಬಿಯ ಕೆಳಗೆ ಮುಗಿಯುತ್ತಿತ್ತು. ಬಾಗಿಲಿಗೆ ಬೀಗವಿತ್ತು. ಮಾಸ್ಟರು ಬಾವುಟ ಅಡ್ಡ ಹಿಡಿದು ನಿಂತರು. ಒಳಗಿನಿಂದ ಧಡ ಧಡ ಸದ್ದು.

"ಯಾರದು?" ಎಂದರು. "ಮಾಸ್ಟರೇ... ನೀವಾ?"

ಒಳಗಿನಿಂದ ದನಿ ಬಂತು: "ಮಾಸ್ಟರೂ ಇಲ್ಲ ಮಣ್ಣೂ ಇಲ್ಲ! ರೀ, ಮೊದ್ಲು ಬೀಗ ತೆಗೀರಿ! ಇಲ್ಲಿ ಹಲ್ಲಿ ಇದೆ!"

ಮಾಸ್ಟರು ಗೊಂಚಲಿನಲ್ಲಿ ಕೀ ಹುಡುಕಿದರು. ನಾಳೆ ಕೊಟ್ಟುಬಿಡಬೇಕೆಂದಿದ್ದ ಗೊಂಚಲು. ಎರಡು ಸಲ ತಪ್ಪು ಕೀ ಸಿಕ್ಕಿತು. ಬಾಗಿಲು ತೆರೆದಾಗ, ತಲೆಗೂದಲ ತುಂಬ ಜೇಡರ ಬಲೆ ಮೆತ್ತಿಕೊಂಡು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಉಕ್ಕಿನ ಚೆಂಡು ಹಿಡಿದು ಅವರ ಹೆಂಡತಿ ನಿಂತಿದ್ದಳು. ಹಿಂದೆ ಇನ್ನೊಂದು ಕೆಂಪು ಪೆಟ್ಟಿಗೆ. ಅದರ ಕೆಳಗೆ ಹೊಸ ಬ್ಯಾಟರಿ, ಹೊಸ ವೈರು.

"ಇವ್ನೇ ಬೀಗ ಒತ್ತಿದ್ದು!" ಎಂದು ಚಪ್ಪಲಿಯಲ್ಲಿ ಮಾಲಿಯನ್ನು ತೋರಿಸಿದಳು.

"ಬೀಗ ಬಾಯಿಬಿಟ್ಕೊಂಡು ನೇತಾಡ್ತಿತ್ತಮ್ಮಾ, ಕಳ್ರು ಬಂದಾರು ಅಂತ ಒತ್ತಿದೆ" ಎಂದ ಮಾಲಿ. "ನೀವು ಕೂಗ್ಬಾರ್ದಾ?"

"ಕೂಗಿ ಕೂಗಿ ಗಂಟಲು ಬಿತ್ತು! ಆ ಕಿವೀಲಿರೋ ಬತ್ತಿ ಕಿತ್ತು ಬಿಸಾಕು ಮೊದ್ಲು!"

ಮಾಸ್ಟರು ಅವಳನ್ನು ನೋಡಿದರು. ಪೆಟ್ಟಿಗೆಯನ್ನು ನೋಡಿದರು. ಮತ್ತೆ ಅವಳನ್ನು ನೋಡಿದರು.

"ಲೈನ್ ಕ್ಲಿಯರ್ ಕೇಳಿದ್ದು ಯಾರು?"

"ನಾನೇ."

"ನಿನ್ನೆ?"

"ನಿನ್ನೇನೂ ನಾನೇ. ಮೊನ್ನೇನೂ ನಾನೇ. ವೈರು ಜೋಡಿಸಿ, ತನ್ನ ಹತ್ರ ಇದ್ದ ಇನ್ನೊಂದು ಕೀ ಕೊಟ್ಟಿದ್ದು ನನ್ನ ತಮ್ಮ. ಬೈಯೋದಿದ್ರೆ ಅವನಿಂದ ಶುರು ಮಾಡಿ."

"ಸುಳ್ಳು. ಅದು ಆಮೇಲೆ ಮಾಸ್ಟರ ಕೈ. ನಂಗೆ ಗೊತ್ತು ಆ ಕೈ."

"ನಂಗೆ ಗೊತ್ತಿರಲ್ವಾ? ನಮ್ಮ ಅಡುಗೆಮನೆಗೂ ನಿಮ್ಮ ಆಫೀಸಿಗೂ ಒಂದೇ ಗೋಡೆ ಇತ್ತು. ಅಷ್ಟು ವರ್ಷ ಒಗ್ಗರಣೆ ಹಾಕ್ತಾ ಹಾಕ್ತಾ ಕೇಳಿದ್ದು ಅದೇ ಗಂಟೆ ತಾನೇ?" ಅವಳು ಚಪ್ಪಲಿ ಕೆಳಗಿಟ್ಟು ಪೆಟ್ಟಿಗೆಯ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದಳು, ಒತ್ತಿದಳು, ತಲೆ ಓರೆ ಮಾಡಿ ತಡೆದಳು, ಒತ್ತಿದಳು. ಪಾರ್ಕಿನ ಆ ತುದಿಯಿಂದ, ತೆರೆದೇ ಬಿಟ್ಟುಬಂದ ಸ್ಟೇಷನ್ನಿನ ಕಿಟಕಿಯಿಂದ, ತೇಲಿ ಬಂತು: ಟಣ್ ಟಣ್... ಟಣ್.

ಮಾಲಿ ಬೆಚ್ಚಿಬಿದ್ದ. "ಸ್ವಾಮೀ, ಗಂಟೆ!"

"ಕೇಳಿಸ್ತೇನೋ ನಿಂಗೆ?" ಮಾಸ್ಟರು ಅವನ ತೋಳು ಹಿಡಿದುಕೊಂಡರು. "ನಿಂಗೂ ಕೇಳಿಸ್ತಾ?"

"ಕಿವುಡನಿಗೂ ಕೇಳಿಸುತ್ತಲ್ಲ ಸ್ವಾಮಿ, ಬತ್ತಿ ತೆಗೆದ್ರೆ."

ಮಾಸ್ಟರು ಡಬ್ಬಿಯ ಮೆಟ್ಟಿಲ ಮೇಲೆ ಮೆಲ್ಲನೆ ಕುಳಿತರು. ಕೆಂಪು ಬಾವುಟ ಮಡಿಲಿಗೆ ಬಿತ್ತು.

"ಯಾಕೇ?" ಎಂದರು.

ಅವಳ ದನಿ ಇಳಿಯಿತು. "ನನ್ನ ತಂಗಿ ಮದುವೆ ದಿನ ಏನಂದ್ರಿ? ಲೈನ್ ಕ್ಲಿಯರ್ ಕೊಟ್ಟಿದ್ದೀನಿ, ಏಳೋಕಾಗಲ್ಲ. ಮಗುಗೆ ಜ್ವರ ಬಂದಾಗ? ಲೈನ್ ಕ್ಲಿಯರ್. ಬಿಸಿ ಊಟ ಆರಿ ಕಲ್ಲಾಗ್ತಿದ್ರೂ ಲೈನ್ ಕ್ಲಿಯರ್. ಗೋಡೆ ಆಚೆಯಿಂದ ಪಾಯಿಂಟ್ಸ್‌ಮನ್ ಜೊತೆ ನೀವು ನಗೋದು ಕೇಳಿಸೋದು. ಇದೆಲ್ಲ ನೆಪ, ಏಳೋಕೆ ಸೋಮಾರಿತನ ಅಂತ ನಾನು ಇಷ್ಟು ವರ್ಷ ಹಲ್ಲು ಕಚ್ಕೊಂಡಿದ್ದೆ. ಇರದೇ ಇರೋ ಗಾಡಿಗೆ ಒಂದ್ಸಲ ಕೇಳಿ ನೋಡೋಣ, ಎದ್ದು ಬರ್ತೀರೋ ಇಲ್ವೋ ಅಂತ."

"ಎದ್ದು ಬರ್ಲಿಲ್ಲ."

"ಬರ್ಲಿಲ್ಲ" ಎಂದಳು ಅವಳು. "ನಿಜವಾಗ್ಲೂ ಏಳಲ್ಲ ನೀವು. ಅವತ್ತೇ ಗೊತ್ತಾಯ್ತು. ಬಾಗಿಲಲ್ಲೇ ನಿಂತು ಕೇಳಿದ್ನಲ್ಲ, ವಿಶೇಷ ಏನು ಅಂತ? ನೀವು ಹೇಳಿದ ತಕ್ಷಣ ನಾನೂ ಹೇಳಿ ನಕ್ಕುಬಿಡೋಣ ಅಂತಿದ್ದೆ. ನೀವು ಧೂಳು ಅಂದ್ರಿ! ನಂಗೆ ತಲೆಬುಡ ಅರ್ಥ ಆಗ್ಲಿಲ್ಲ. ನಾಳೆ ಹೇಳ್ತೀರಿ, ನಾಡಿದ್ದು ಹೇಳ್ತೀರಿ ಅಂತ ದಿನಾ ಬಂದು ಬಾರಿಸಿದೆ. ನೀವು ಬಾಯಿ ಬಿಡ್ಲಿಲ್ಲ. ನಾನು ಗಂಟೆ ಬಿಡ್ಲಿಲ್ಲ."

ಮಾಸ್ಟರು ಬಾವುಟದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. "ಅಣ್ಣನ ನಲ್ಲಿ ನೆನಪಾಯ್ತು ಕಣೇ."

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಈ ಒಂದು ದನಿ ಅವಳಿಗೆ ಇಷ್ಟು ದಿನವೂ ಕೇಳಿಸಿರಲಿಲ್ಲ. ಕೆಳಗಿಳಿದು ಅವರ ಪಕ್ಕ, ಅದೇ ಇಕ್ಕಟ್ಟು ಮೆಟ್ಟಿಲ ಮೇಲೆ, ತುರುಕಿಕೊಂಡು ಕುಳಿತಳು.

"ಅಯ್ಯೋ... ಅದಕ್ಕಾ? ನಿಮ್ಮಾಣೆ, ನಂಗೆ ಹೊಳೀಲೇ ಇಲ್ಲ."

"ಹಾಗಾದ್ರೆ ನನ್ನ ತಲೆ ಕೆಟ್ಟಿಲ್ಲ?"

"ಹೊಸದಾಗೇನೂ ಕೆಟ್ಟಿಲ್ಲ. ಮದುವೆ ಆದಾಗ ಹೆಂಗಿತ್ತೋ ಹಂಗೇ ಇದೆ." ಕಣ್ಣೊರೆಸಿಕೊಂಡು ಮೂಗೆಳೆದಳು. "ಈಗ ಏಳಿ, ಮನೆಗೆ ಹೋಗೋಣ."

"ಏಳೋ ಹಾಗಿಲ್ಲ" ಎಂದರು ಮಾಸ್ಟರು.

"ಯಾಕೆ?"

"ಲೈನ್ ಕ್ಲಿಯರ್ ಕೊಟ್ಟಿದ್ದೀನಿ. ಗಾಡಿ ಇನ್ನೂ ಸ್ಟೇಷನ್ ಸೇರಿಲ್ಲ. ಚೆಂಡು ನಿನ್ನ ಕೈಲೇ ಇದೆ."

ಅವಳು ಕೈಯಲ್ಲಿದ್ದ ಚೆಂಡನ್ನು ನೋಡಿದಳು. ಗಂಡನ ಮುಖವನ್ನು ನೋಡಿದಳು. ತಮಾಷೆಯ ಸುಳಿವೇ ಇಲ್ಲ. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳಿಯ ಮೇಲೆ ನಿಂತಳು. ತುಟಿ ದುಂಡಗೆ ಮಾಡಿ, ಪಾಯಿಂಟ್ಸ್‌ಮನ್ನನ್ನು ಓಡಿಸಿದ್ದ ಆ ಹಳೆಯ ಗೂಡ್ಸ್ ಗಾಡಿಯ ಸಿಳ್ಳೆ ಹೊಡೆದಳು. ಆಮೇಲೆ ಚುಕುಬುಕು ಎನ್ನುತ್ತ, ಮಂಡಿನೋವಿಗೆ ತಕ್ಕ ವೇಗದಲ್ಲಿ, ಸ್ಟೇಷನ್ನಿನ ಕಡೆ ಹೊರಟಳು. ಅವಳ ಹಿಂದೆ ಬಾವುಟ ಹಿಡಿದ ಮಾಸ್ಟರು, ಅವರ ಹಿಂದೆ ಗುದ್ದಲಿ ಹಿಡಿದ ಮಾಲಿ, ಅವನ ಹಿಂದೆ ಎಲ್ಲಿಗೆಂದು ಕೇಳದೆ ಹತ್ತಿಕೊಂಡ ಬ್ಯಾಂಕ್ ಮ್ಯಾನೇಜರು. ಸಿಗ್ನಲ್ ಕಂಬದ ಹತ್ತಿರ ಬಂದಾಗ ಕೈ ಮೇಲೆದ್ದಿರುವುದು ಕಂಡು ಗಾಡಿ ಗಕ್ಕನೆ ನಿಂತಿತು.

"ಏನ್ರೀ ಇದು, ಸಿಗ್ನಲ್ ಕೊಟ್ಟಿಲ್ವಲ್ಲ!" ಎಂದು ಗಾಡಿಯೇ ತಿರುಗಿ ಗದರಿತು.

ಮಾಸ್ಟರು ಅವಸರದಲ್ಲಿ ಒಳಗೆ ಹೋಗಿ ಲಿವರ್ ಎಳೆದರು. ಕಂಬದ ಕೈ ಇಳಿಯಿತು. ಗಾಡಿ ಸಿಳ್ಳೆ ಹಾಕಿ ಬಾಗಿಲು ದಾಟಿ ಒಳಗೆ ಬಂದು, ಚೆಂಡನ್ನು ಮಾಸ್ಟರ ಕೈಗಿತ್ತಿತು. ಮಾಸ್ಟರು ಅದನ್ನು ಪೆಟ್ಟಿಗೆಯ ಬಾಯಿಗೆ ಹಾಕಿದರು. ಗಡಗಡ ಉರುಳಿ ಹೊಟ್ಟೆ ಸೇರಿತು. ಮುಳ್ಳು ನೆಟ್ಟಗಾಯಿತು.

ಅದೇ ಹೊತ್ತಿಗೆ ದೀಪ ಹಾಕಲು ಬಂದ ಭಾವಮೈದ ಬಾಗಿಲಲ್ಲಿ ಇಣುಕಿದ. ಅಕ್ಕನ ತಲೆಯ ಜೇಡರ ಬಲೆ, ಭಾವನ ಟೋಪಿ, ಕೆಂಪು ಬಾವುಟ, ಗುದ್ದಲಿ, ಎಲ್ಲ ನೋಡಿ ಒಂದು ಹೆಜ್ಜೆ ಹಿಂದಿಟ್ಟ. "ಭಾವ... ಪೆಟ್ಟಿಗೆ ಏನಾದ್ರೂ ಮಾತಾಡ್ತಾ?"

ಮೊದಲು ಹೆಂಡತಿ ಕಿಸಕ್ಕೆಂದಳು. ಮಾಲಿಗೆ ಅರ್ಥವಾಗದಿದ್ದರೂ ಹಲ್ಲು ಬಿಟ್ಟ. ಮ್ಯಾನೇಜರು ನಕ್ಕರು. ಭಾವಮೈದ ಹೆದರಿ ಹೆದರಿ ನಕ್ಕ. ಮಾಸ್ಟರು ಸೊಂಟದ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಸಿರು ಒಳಗೆಳೆದುಕೊಂಡು, ಒಂದು ಕ್ಷಣ ಹಾಗೇ ನಿಂತರು. ಆಮೇಲೆ ನಕ್ಕರು. ಹೊಟ್ಟೆ ಹಿಡಿದು, ಮೇಜು ಗುದ್ದಿ, ಕಣ್ಣಲ್ಲಿ ನೀರು ಸುರಿಸಿ ನಕ್ಕರು. ಉಳಿದವರ ನಗೆಯೆಲ್ಲ ನಿಂತು, ಅವರನ್ನೇ ನೋಡತೊಡಗಿದ ಮೇಲೂ ನಕ್ಕರು. ಆ ಅಬ್ಬರಕ್ಕೆ ಇಂಜಿನ್ನಿನ ಚಿಮಣಿಯಿಂದ ಪಾರಿವಾಳಗಳೆಲ್ಲ ಒಮ್ಮೆಗೇ ಬುಸ್ಸೆಂದು ಮೇಲೆದ್ದವು. ಗೇಟಿನ ಹತ್ತಿರ ಹೋಗುತ್ತಿದ್ದವರು, ಕೊನೆಗೂ ಗಾಡಿ ಹೊರಟಿತೇನೋ ಎಂದು ನಿಂತು ನೋಡಿದರು.